ಕುಡಿತ ಬಿಟ್ಟ ಮೊದಲ ತಿಂಗಳುಗಳು: ದಿಕ್ಕು ತೋಚದಾಗ ಯಾವುದನ್ನು ಹಿಡಿದುಕೊಳ್ಳಬೇಕು?

ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರು ಕಾದಿರುತ್ತಾರೆ. ಬಿಟ್ಟವರಿಗೂ ಅದೇ ಆಸೆ. ಆದರೆ ಎರಡನೇ ವಾರವೋ ಮೂರನೇ ವಾರವೋ ನಡೆಯುವುದೇ ಬೇರೆ. ಸಂಘದ ಸಾಲದ ಕಂತು, ಮಗಳ ಸ್ಕೂಲ್ ಫೀಸು, ಹೆಂಡತಿ ಮಾತಾಡದೆ ಊಟ ಬಡಿಸುವುದು, ಬೀದಿಯವರ ನೋಟ, ಬಾರದ ನಿದ್ದೆ ಎಲ್ಲವೂ ಒಂದೇ ದಿನ ಮೈಮೇಲೆ ಬೀಳುತ್ತವೆ. ಇಷ್ಟು ವರ್ಷ ಸಂಜೆಯಾದರೆ ಇವನ್ನೆಲ್ಲ ಮರೆಸುತ್ತಿದ್ದ ಬಾಟಲಿ ಈಗ ಇಲ್ಲ. 'ಇದಕ್ಕಿಂತ ಕುಡಿಯೋದೇ ವಾಸಿ ಇತ್ತು' ಎಂಬ ಮಾತು ಬಾಯಿಗೆ ಬರುವುದು ಆಗಲೇ.

ನಮ್ಮ ಕೋಲಾರದ ಕಡೆ ಆಗ ಹತ್ತು ಜನ ಹತ್ತು ದಾರಿ ಹೇಳುತ್ತಾರೆ. ಕುಡಿತ ಬಿಡಿಸುವ ಸೆಂಟರ್‌ಗೆ ಸೇರಿಸಿ ಅನ್ನುತ್ತಾರೆ. ಮಾಲೆ ಹಾಕಿಸಿ, ಮಾತ್ರೆ ಕೊಡಿಸಿ, ಕೆಲಸಕ್ಕೆ ಹಚ್ಚಿ, ಸುಮ್ನೆ ಮನೆಯಲ್ಲಿ ಕೂರಿಸಿ ಅನ್ನುತ್ತಾರೆ. ನನ್ನ ತಮ್ಮ ಕುಡಿತ ಬಿಟ್ಟಾಗ ಇದೆಲ್ಲವನ್ನೂ ಕೇಳಿದ್ದೇನೆ. ಆಮೇಲೆ ಅದೇ ದಾರಿಯಲ್ಲಿ ಬಂದ ಬೇರೆ ಮನೆಗಳವರ ಜೊತೆಗೂ ಕೂತು ಮಾತಾಡಿದ್ದೇನೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಕಷ್ಟ ಎಷ್ಟು ಹೊತ್ತಿನದು ಎಂದು ನೋಡಿ ದಾರಿ ಆರಿಸಿದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ. ಅರ್ಧ ಗಂಟೆಯ ಕಷ್ಟಕ್ಕೆ ಸೆಂಟರ್ ಬೇಕಾಗಿಲ್ಲ. ತಿಂಗಳುಗಟ್ಟಲೆ ಎಳೆಯುವ ದುಃಖಕ್ಕೆ ಒಂದು ಲೋಟ ತಣ್ಣೀರು ಸಾಲುವುದಿಲ್ಲ. ಇನ್ನೊಂದು ಮಾತು. ತಲೆ ಕೆಟ್ಟ ಹೊತ್ತಿನಲ್ಲಿ ಯಾರಿಗೂ ಆರಿಸಲು ಆಗುವುದಿಲ್ಲ. ತಲೆ ತಣ್ಣಗಿರುವಾಗಲೇ ಓದಿ, ಇಬ್ಬರು ಕೂತು ತೀರ್ಮಾನ ಮಾಡಿಟ್ಟುಕೊಳ್ಳಿ.

ಮೊದಲು ನೋಡಬೇಕಾದ್ದು: ಮೈಯ ಕಷ್ಟವೋ, ಮನಸ್ಸಿನದೋ

ಕೊನೆಯ ಸಲ ಕುಡಿದು ಎಷ್ಟು ಹೊತ್ತಾಯಿತು? ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಹೊಡೆದುಕೊಳ್ಳುವುದು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ, ತಾವು ಎಲ್ಲಿದ್ದೇವೆ ಎಂದೇ ಗೊತ್ತಾಗುವುದಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡಾಡಿ ಹೊತ್ತು ಕಳೆಯುವವರಿದ್ದಾರೆ. ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿಯಲ್ಲಿ ಪ್ರಾಣ ಹೋಗಬಹುದು.

ಇಲ್ಲಿ ಹೋಲಿಕೆ ಮಾಡುವ ಪ್ರಶ್ನೆಯೇ ಇಲ್ಲ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೋಲಾರದಲ್ಲಾದರೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಕುಡಿತದ ವಿಷಯ ಮುಚ್ಚಿಡದೆ ಎಷ್ಟು ಕುಡಿಯುತ್ತಿದ್ದರು, ಯಾವಾಗ ನಿಲ್ಲಿಸಿದರು ಎಂದು ವೈದ್ಯರಿಗೆ ನೇರವಾಗಿ ಹೇಳಿ. ಪಕ್ಕದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಮನೆಗೆ ಬರುವ ರೂಢಿ ಇದೆ. ಅದು ಸಾಲದು. ತುಂಬಾ ವರ್ಷ ಕುಡಿದವರ ಮೈಯಲ್ಲಿ ಥಯಾಮಿನ್ ಎಂಬ ಬಿ1 ವಿಟಮಿನ್ ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಏಟು ಬೀಳುವ ಅಪಾಯ ಇದೆ. ನಡುಕ ಇಳಿಸುವ ಮಾತ್ರೆಗಳನ್ನು ವೈದ್ಯರು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಕೊಡುತ್ತಾರೆ. ಅದನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗಬಾರದು. ನಿದ್ದೆ ಮಾತ್ರೆಯೂ ಅಷ್ಟೇ. ಎಣ್ಣೆ ಬಿಟ್ಟು ಮಾತ್ರೆಗೆ ಅಂಟಿಕೊಂಡವರು ನಮ್ಮ ಸುತ್ತ ಕಡಿಮೆ ಇಲ್ಲ.

ಮೊದಲ ವಾರ ದಾಟಿದ ಮೇಲೆ ಬರುವುದು ಬೇರೆ ಬಗೆಯ ಕಷ್ಟ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ಹಾಗಾದಾಗ ಅದಕ್ಕೆ ಎದುರಾಗಿ ಮಿದುಳು ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಈಗ ಮದ್ಯ ಇಲ್ಲ, ಏರಿಸಿಕೊಂಡ ಚುರುಕು ಮಾತ್ರ ಉಳಿದಿದೆ. ಅದಕ್ಕೇ ಪಾತ್ರೆ ಬಿದ್ದ ಸದ್ದಿಗೂ ಸಿಟ್ಟು ಬರುತ್ತದೆ. ಮಕ್ಕಳ ಗಲಾಟೆ ತಡೆಯಲಾಗುವುದಿಲ್ಲ. ಖುಷಿ ಕೊಡುತ್ತಿದ್ದ ಯಾವುದೂ ಖುಷಿ ಕೊಡುವುದಿಲ್ಲ. ನಿದ್ದೆ ಹದಕ್ಕೆ ಬರಲು ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಇದು ಗೊತ್ತಿಲ್ಲದ ಮನೆಗಳಲ್ಲಿ 'ಕುಡಿಯುವಾಗಲೇ ಒಳ್ಳೆಯವನಾಗಿದ್ದ' ಎಂಬ ಮಾತು ಬರುತ್ತದೆ. ದಯವಿಟ್ಟು ಆ ಮಾತು ಆಡಬೇಡಿ. ಅವರ ಮಿದುಳು ರಿಪೇರಿಯಾಗುತ್ತಿದೆ.

ಆ ಅರ್ಧ ಗಂಟೆ: ಒಬ್ಬರೇ ತಡೆದುಕೊಳ್ಳುವುದೋ, ಯಾರಿಗಾದರೂ ಹೇಳುವುದೋ

ಕುಡಿಯಲೇಬೇಕು ಎನ್ನುವ ಸೆಳೆತ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಹೆಚ್ಚಿನ ಸಲ 15ರಿಂದ 30 ನಿಮಿಷದಲ್ಲಿ ಅದರ ಬಲ ಕುಗ್ಗುತ್ತದೆ. ಏರುವ ಹೊತ್ತಿನಲ್ಲಿ ಇದು ಮುಗಿಯುವುದೇ ಇಲ್ಲ ಅನ್ನಿಸುತ್ತದೆ, ಕಷ್ಟ ಇರುವುದು ಅಲ್ಲೇ.

ಒಬ್ಬರೇ ಮಾಡಬಹುದಾದ್ದು ಇದೆ. ಕುಡಿತ ಬಿಟ್ಟವರು ಒಟ್ಟಿಗೆ ಕೂರುವ ಎ.ಎ. ಸಭೆಗಳಿಗೆ ಹೋಗುವವರು ತಮ್ಮನ್ನು ತಾವು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಹಸಿವಾಗಿದೆಯಾ? ಸಿಟ್ಟು ಬಂದಿದೆಯಾ? ಒಂಟಿ ಅನ್ನಿಸುತ್ತಿದೆಯಾ? ಸುಸ್ತಾಗಿದೆಯಾ? ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸಂಜೆ ಆರರ ಸೆಳೆತದಲ್ಲಿ ಹಸಿವಿನ ಪಾಲು ದೊಡ್ಡದು. ಕುಡಿಯುವವರು ಮಧ್ಯಾಹ್ನ ಸರಿಯಾಗಿ ಉಣ್ಣುವುದಿಲ್ಲ, ಆ ಅಭ್ಯಾಸ ಬಿಟ್ಟ ಮೇಲೂ ಮುಂದುವರಿಯುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಊಟವನ್ನು ಸಂಜೆ ಆರೂವರೆಗೆ ತಂದೆವು. ಬಿಸಿ ಮುದ್ದೆ, ಬಸ್ಸಾರು ಹೊಟ್ಟೆಗೆ ಬಿದ್ದ ಮೇಲೆ ಸೆಳೆತದ ಅರ್ಧ ಬಲ ಹೋಗುತ್ತಿತ್ತು. ಊಟಕ್ಕೆ ಹೊತ್ತಿದ್ದರೆ ಕಡಲೆಬೀಜ, ಬೆಲ್ಲ, ಬಾಳೆಹಣ್ಣು ಯಾವುದಾದರೂ ಆದೀತು.

ಉಸಿರಾಟವೂ ಕೆಲಸ ಮಾಡುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಐದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು, ಎದೆ ಬಡಿತ ತಗ್ಗುವುದು ಅದರಿಂದಲೇ. ತಲೆಯಲ್ಲಿ ಯೋಚನೆಗಳು ಒಂದರ ಮೇಲೊಂದು ಬರುತ್ತಿದ್ದರೆ ಸುತ್ತ ಕಾಣುವ ಐದು ವಸ್ತು, ಕೇಳುವ ನಾಲ್ಕು ಸದ್ದು, ಮುಟ್ಟಲು ಸಿಗುವ ಮೂರು ವಸ್ತು ಹೀಗೆ ಹೆಸರಿಸುತ್ತ ಹೋಗಿ. ಮನಸ್ಸು ಕೂತ ಜಾಗಕ್ಕೆ ವಾಪಸ್ ಬರುತ್ತದೆ.

ಆದರೆ ಇವೆಲ್ಲ ಮನೆಯೊಳಗೆ ಇರುವಾಗಿನ ಮಾತು. ಜೇಬಿನಲ್ಲಿ ದುಡ್ಡಿದ್ದು, ಕಣ್ಣೆದುರಿಗೆ ವೈನ್ ಶಾಪ್ ಬೋರ್ಡ್ ಇದ್ದರೆ ಉಸಿರು ಎಣಿಸುತ್ತ ನಿಲ್ಲಬೇಡಿ. ಮೊದಲು ಆ ಜಾಗ ಬಿಡಿ, ಉಸಿರು ಆಮೇಲೆ. ದಿನಾ ಓಡಾಡುವ ದಾರಿಯಲ್ಲಿ ಅಂಗಡಿ ಇದ್ದರೆ ದಾರಿಯನ್ನೇ ಬದಲಾಯಿಸಿ, ಸುತ್ತಾದರೂ ಸರಿ. ನಡೆಯಬೇಕು ಅನ್ನಿಸಿದರೆ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ. ಬೆಳಗ್ಗೆ ಅಲ್ಲಿಗೆ ವಾಕಿಂಗ್ ಬರುವವರು ಇದ್ದೇ ಇರುತ್ತಾರೆ, ಮೈ ದಣಿಯುತ್ತದೆ, ರಾತ್ರಿ ನಿದ್ದೆಗೂ ಅನುಕೂಲ.

ಎರಡನೆಯ ದಾರಿ, ಗೊತ್ತಿರುವ ಒಬ್ಬರಿಗೆ ಫೋನ್ ಮಾಡುವುದು. ಒಬ್ಬರೇ ತಡೆದುಕೊಳ್ಳುವುದಕ್ಕಿಂತ ಇದೇ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಒಬ್ಬರು ಯಾರು ಎನ್ನುವುದು ಮುಖ್ಯ. ಹೆಂಡತಿಯೇ ಆಗಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಅವಳು ಆಗಲೇ ಸೋತುಹೋಗಿರುತ್ತಾಳೆ. 'ಕುಡೀಬೇಕು ಅನ್ನಿಸ್ತಿದೆ' ಎಂದು ಕೇಳಿದರೆ ಅವಳ ಕೈಕಾಲೇ ಆಡುವುದಿಲ್ಲ. ಕುಡಿಯದವರು, ರಾತ್ರಿಯೂ ಫೋನ್ ಎತ್ತುವವರು, ಬುದ್ಧಿ ಹೇಳದೆ ಕೇಳಿಸಿಕೊಳ್ಳುವವರು ಬೇಕು. ಅಂಥ ಇಬ್ಬರನ್ನು ಮೊದಲೇ ಕೇಳಿ ಒಪ್ಪಿಸಿಟ್ಟುಕೊಳ್ಳಿ. ಹೇಳುವ ಮಾತನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. 'ಅಣ್ಣಾ, ಮನಸ್ಸು ಸರಿ ಇಲ್ಲ, ಅರ್ಧ ಗಂಟೆ ಮಾತಾಡ್ತಾ ಇರು' ಅಂದರೆ ಸಾಕು. ಕಾರಣ ವಿವರಿಸುವ ಹಂಗು ಬೇಡ. ಫೋನ್ ಎತ್ತಿದವರೂ ಯಾಕೆ ಏನು ಎಂದು ಕೆದಕಬೇಡಿ. ಟೊಮೆಟೊ ರೇಟು, ಮಳೆ, ಕ್ರಿಕೆಟ್ ಏನಾದರೂ ಮಾತಾಡಿ, ಹೊತ್ತು ದಾಟಿಸಿ.

ಮೂರನೆಯದು ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು. ಚಟ ಬಿಡುವವರಿಗೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಗುರುತಿಲ್ಲದವರ ಜೊತೆ ಮಾತಾಡುವುದರಲ್ಲಿ ಒಂದು ನೆಮ್ಮದಿ ಇದೆ, ನಾಳೆ ಅವರ ಮುಖ ನೋಡಬೇಕಾಗಿಲ್ಲ. ಪ್ರತಿ ಸಲ ಅದೇ ವ್ಯಕ್ತಿ ಸಿಗುವುದಿಲ್ಲ, ನಿಮ್ಮ ಮನೆ ಬಾಗಿಲಿಗೆ ಬಂದು ಕೂರುವುದಕ್ಕೂ ಅವರಿಗೆ ಆಗದು. ಅದಕ್ಕೇ ನನ್ನ ಲೆಕ್ಕದಲ್ಲಿ ಗೊತ್ತಿರುವವರು ಮೊದಲು. ಅವರು ಸಿಗದಿದ್ದರೆ, ಅಥವಾ ನಾಚಿಕೆ ತಡೆದರೆ, 14416.

ಒಂದು ಸಂದರ್ಭದಲ್ಲಿ ಮಾತ್ರ ಈ ಸಾಲು ತಿರುವುಮುರುವು. ಸಾಯಬೇಕು ಅನ್ನಿಸುತ್ತಿದೆ ಎಂದು ಬಾಯಿಬಿಟ್ಟು ಹೇಳಿದರೆ, ಅಥವಾ ಹಾಗೆ ಅನುಮಾನ ಬಂದರೆ, ಉಸಿರು, ಊಟ, ವಾಕಿಂಗ್ ಎಲ್ಲ ಬದಿಗಿರಲಿ. ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೋ 112ಕ್ಕೋ ಕೂಡಲೇ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ತೋಟ ಹೊಲ ಇರುವ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಟೊಮೆಟೊ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಆ ಡಬ್ಬ ಇಲ್ಲದ ಮನೆ ಅಪರೂಪ. ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

ವಾರಕ್ಕೊಮ್ಮೆ ಎಲ್ಲಿಗೆ: ಎ.ಎ. ಸಭೆ, ನವಜೀವನ ಸಮಿತಿ, ಆಪ್ತಸಮಾಲೋಚಕರು, ಮಾಲೆ

ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಕರೆಯುವಂತೆ ಎ.ಎ., 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದದ್ದರಿಂದ ಹುಟ್ಟಿದ್ದು. ಫೀಸಿಲ್ಲ, ಊರು ಜಾತಿ ಕೇಳುವುದಿಲ್ಲ. ಕುಡಿತ ಬಿಡಬೇಕು ಎಂಬ ಆಸೆ ಇದ್ದರೆ ಸಾಕು. ಬೆಂಗಳೂರಿನಲ್ಲಿ ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಸಭೆಗಳಾಗುತ್ತವೆ. ಕೆಜಿಎಫ್ ಕಡೆಯ ತಮಿಳು ಮನೆಗಳವರಿಗೆ ಇದು ಅನುಕೂಲ. ಫೋನಿನಲ್ಲೇ ಸೇರಿಕೊಳ್ಳುವ ಸಭೆಗಳೂ ಇವೆ. ಎ.ಎ.ಯ ಬಲ ಏನೆಂದರೆ, ಎದುರಿಗೆ ಕೂತವರು ನಿಮ್ಮ ಹಾಗೇ ರಾತ್ರಿ ಎರಡಕ್ಕೆ ಎದ್ದು ಬೆವರಿದವರು. 'ಇವತ್ತೊಂದು ದಿನ ಕುಡಿಯಲ್ಲ' ಎನ್ನುವ ಅವರ ಲೆಕ್ಕ, ಎಲ್ಲವೂ ಒಟ್ಟಿಗೆ ಮೈಮೇಲೆ ಬಂದವರಿಗೆ ಹೇಳಿ ಮಾಡಿಸಿದ್ದು. ಜೀವಮಾನವಿಡೀ ಕುಡಿಯದೆ ಇರಬೇಕಲ್ಲ ಎಂದು ಯೋಚಿಸಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ರಾತ್ರಿ ಹತ್ತರ ತನಕ ಕುಡಿಯದೆ ಇರುವುದು ಆಗುವ ಕೆಲಸ. ಮೊದಲ ವಾರಗಳಲ್ಲಿ ಹತ್ತು ಜನರ ಮುಂದೆ ಬಾಯಿ ಬರುವುದಿಲ್ಲ, ನಿಜ. ಮಾತಾಡಲೇಬೇಕು ಎಂದೇನಿಲ್ಲ, ಸುಮ್ನೆ ಕೂತು ಕೇಳಿ ಬಂದರೂ ಆಯಿತು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಸಭೆ ಇದೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯವರಿಗೆ ಹೆಚ್ಚು ಪರಿಚಯ. ಎಂಟು ದಿನದ ಶಿಬಿರ. ಭಜನೆ, ವ್ಯಾಯಾಮ, ಸಮಾಲೋಚನೆ ಇರುತ್ತದೆ, ಮನೆಯವರನ್ನೂ ಸೇರಿಸಿಕೊಳ್ಳುತ್ತಾರೆ. ಶಿಬಿರಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಆಮೇಲಿನ ನವಜೀವನ ಸಮಿತಿ. ಶಿಬಿರ ಮುಗಿಸಿದವರು ಆಗಾಗ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪು ಅದು. ಇಲ್ಲಿ ಇಡೀ ಊರಿಗೆ ಗೊತ್ತಾಗುತ್ತದೆ. ಕೆಲವರಿಗೆ ಅದೇ ಬಲ. ಹೂವಿನ ಹಾರ ಹಾಕಿ ಕಳಿಸಿದ ಮೇಲೆ ಅಂಗಡಿ ಮುಂದೆ ನಿಲ್ಲಲು ಮನಸ್ಸು ಬರುವುದಿಲ್ಲ. ಕೆಲವರಿಗೆ ಅದೇ ಭಾರ, ಎಲ್ಲರ ಕಣ್ಣೂ ನನ್ನ ಮೇಲಿದೆ ಎಂದು ಕುಗ್ಗಿಹೋಗುತ್ತಾರೆ. ನಿಮ್ಮವರ ಸ್ವಭಾವ ನಿಮಗೇ ಗೊತ್ತು, ಅದನ್ನು ನೋಡಿ ಆರಿಸಿ. ದಿನಾ ತುಂಬಾ ಕುಡಿಯುತ್ತಿದ್ದವರಾದರೆ ಶಿಬಿರಕ್ಕೆ ಸೇರುವ ಮೊದಲು ಆಸ್ಪತ್ರೆಯಲ್ಲಿ ತೋರಿಸಿ, ಮೇಲೆ ಹೇಳಿದ ಫಿಟ್ಸ್ ಭಯ ಅಲ್ಲೂ ಇದ್ದೇ ಇದೆ.

ಆಪ್ತಸಮಾಲೋಚಕರು ಮತ್ತು ಮನೋವೈದ್ಯರು ಕೊಡುವುದು ಬೇರೆ. ಹೆಂಡತಿ ಗಂಡನ ನಡುವೆ ಮುರಿದ ನಂಬಿಕೆ, ಸತ್ತ ಮಗುವಿನ ದುಃಖ, ಚಿಕ್ಕಂದಿನ ಏಟು ಇಂಥವನ್ನು ಗುಂಪಿನಲ್ಲಿ ಬಿಚ್ಚಲು ಆಗುವುದಿಲ್ಲ. ಕುಡಿತದ ಕೆಳಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿಯೂ ಬೇಕಾಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾಸ್ಪತ್ರೆಯಲ್ಲಿದೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನವರು ತಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡರೆ ಬಸ್ ಚಾರ್ಜು ಉಳಿಯುತ್ತದೆ. ಕೋಲಾರದಿಂದ ಸುಮಾರು 70 ಕಿ.ಮೀ. ದೂರದ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಕಾಯಿಲೆ ಗೊಂದಲವಾಗಿದ್ದರೆ, ಎರಡು ಮೂರು ಸಲ ಬಿಟ್ಟು ಮತ್ತೆ ಹಿಡಿದಿದ್ದರೆ ಅಲ್ಲಿಗೆ ಹೋಗುವುದು ವಾಸಿ. ಸರ್ಕಾರಿ ಒಪಿಡಿಯಲ್ಲಿ ಜನ ಜಾಸ್ತಿ, ಮಾತಿಗೆ ಸಿಗುವ ಹೊತ್ತು ಕಡಿಮೆ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನು ಮಾಲೆ. ಅಯ್ಯಪ್ಪ ಮಾಲೆಯ 41 ದಿನದ ವ್ರತ ಹಿಡಿದು ಕುಡಿತ ನಿಲ್ಲಿಸುವವರನ್ನು ನಮ್ಮ ಊರುಗಳಲ್ಲಿ ಪ್ರತಿ ವರ್ಷ ನೋಡುತ್ತೇವೆ. ಅದರ ಬಲವನ್ನು ನಾನು ಕಡಿಮೆ ಮಾಡುವುದಿಲ್ಲ. ಬೆಳಗಿನ ತಣ್ಣೀರು ಸ್ನಾನ, ಹೊತ್ತಿಗೆ ಸರಿಯಾದ ಊಟ, ಸಂಜೆ ಭಜನೆ, ಜೊತೆಗೆ ಜನ. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರೂ 'ಸ್ವಾಮಿ' ಎಂದು ಕರೆಯುತ್ತಾರೆ, ಕುಡಿಯೋಣ ಬಾ ಎಂದು ಯಾರೂ ಕರೆಯುವುದಿಲ್ಲ. ಮೊದಲ ತಿಂಗಳಿಗೆ ಬೇಕಾದ್ದೆಲ್ಲ ಅದರಲ್ಲಿದೆ. ತೊಂದರೆ ಇರುವುದು ಮಾಲೆ ತೆಗೆದ ಮಾರನೇ ದಿನ. ಬಟ್ಟೆ ಬದಲಾಗುತ್ತದೆ, ಜೊತೆಗಾರರು ಚದುರುತ್ತಾರೆ, ಹಳೆಯ ಗೆಳೆಯರು ಕಾದಿರುತ್ತಾರೆ. ಆದ್ದರಿಂದ ಮಾಲೆ ಹಾಕುವವರು 42ನೇ ದಿನ ಎಲ್ಲಿಗೆ, ಯಾರ ಜೊತೆ ಎಂಬುದನ್ನು ಮಾಲೆ ಮೈಮೇಲಿರುವಾಗಲೇ ಗೊತ್ತು ಮಾಡಿಕೊಳ್ಳಿ. ಎ.ಎ. ಸಭೆಯೋ ಆಸ್ಪತ್ರೆಯ ಚೀಟಿಯೋ ಯಾವುದಾದರೂ ಒಂದು ಅದರ ಜೊತೆಗೇ ಶುರುವಾಗಿರಲಿ.

ಒಂದನ್ನೇ ಆರಿಸಿ ಎಂದರೆ ಮೊದಲ ಮೂರು ತಿಂಗಳಿಗೆ ನಾನು ಗುಂಪನ್ನೇ ಹೇಳುತ್ತೇನೆ. ಒಂಟಿತನ ಕುಡಿತಕ್ಕೆ ಎಳೆಯುವಷ್ಟು ಬೇರೇನೂ ಎಳೆಯುವುದಿಲ್ಲ. ಆದರೆ ಎರಡು ವಾರ ಬಿಡದೆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಊಟ ಸೇರದಿರುವುದು ಇದ್ದರೆ ಗುಂಪನ್ನು ಬಿಡದೆಯೇ ವೈದ್ಯರ ಹತ್ತಿರವೂ ಹೋಗಿ.

ಕೆಲಸಕ್ಕೆ ಹೋಗುವುದೋ, ಮನೆಯಲ್ಲಿರುವುದೋ

ಇದರ ಬಗ್ಗೆ ಪ್ರತಿ ಮನೆಯಲ್ಲೂ ಜಗಳ ಆಗುತ್ತದೆ. ಸಾಲ ಇದೆ, ದುಡಿಯಲಿ ಎನ್ನುತ್ತಾರೆ ಕೆಲವರು. ಹೊರಗೆ ಬಿಟ್ಟರೆ ಕುಡಿದು ಬರುತ್ತಾನೆ ಎನ್ನುತ್ತಾರೆ ಇನ್ನು ಕೆಲವರು. ಕೆಲಸ ಯಾವುದು ಎಂದು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ನನ್ನ ತಮ್ಮ ಟೊಮೆಟೊ ಮಂಡಿಯಲ್ಲಿ ರೈಟರ್. ಬೆಳಗ್ಗೆ ಹರಾಜು, ಮಧ್ಯಾಹ್ನಕ್ಕೆ ಕೈಯಲ್ಲಿ ಕಾಸು, ಕೆಲಸ ಮುಗಿದ ದಣಿವಿನಲ್ಲಿ ಜೊತೆಗಾರರ 'ಬಾರೋ ಒಂದು ನೈಂಟಿ'. ಸೀಸನ್ನಿನಲ್ಲಿ ಬಾಕ್ಸಿನ ರೇಟು ಏರಿದರೆ ಖುಷಿಗೆ ಕುಡಿತ, ಬಿದ್ದರೆ ಬೇಜಾರಿಗೆ ಕುಡಿತ. ಇಂಥ ಕೆಲಸಕ್ಕೆ ಬಿಟ್ಟ ಮಾರನೇ ವಾರವೇ ಕಳಿಸುವುದು ಬೆಂಕಿಗೆ ನೂಕಿದ ಹಾಗೆ. ನಾವು ಕೆಲವು ವಾರ ನಿಲ್ಲಿಸಿ, ಆಮೇಲೆ ಎರಡು ಬದಲಾವಣೆ ಮಾಡಿ ಕಳಿಸಿದೆವು. ಕೂಲಿ ಕೈಗೆ ಬರದೆ ಬ್ಯಾಂಕ್ ಖಾತೆಗೆ ಹೋಗುವಂತೆ ಮಂಡಿಯವರ ಜೊತೆ ಮಾತಾಡಿದೆವು. ಕೆಲಸ ಮುಗಿಯುವ ಹೊತ್ತಿಗೆ ಮನೆಯಿಂದ ಯಾರಾದರೂ ಗೇಟಿನ ಹತ್ತಿರ ಇರುತ್ತಿದ್ದೆವು. ಇದನ್ನು ಅವನೇ ಕೇಳಿಕೊಂಡಿದ್ದ. ಕೇಳದೆ ಕಾವಲು ಹಾಕಿದ್ದರೆ ಜಗಳವಾಗುತ್ತಿತ್ತು.

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಕೆಲಸದ ಲೆಕ್ಕ ಬೇರೆ. ಅಲ್ಲಿ ಸಂಬಳ ಖಾತೆಗೇ ಬರುತ್ತದೆ, ಕುಡಿದು ಗೇಟಿನೊಳಗೆ ಹೋಗಲು ಆಗುವುದಿಲ್ಲ. ಅವು ಒಳ್ಳೆಯವು. ಆದರೆ ನೈಟ್ ಶಿಫ್ಟ್ ಈಗಷ್ಟೇ ಹದಕ್ಕೆ ಬರುತ್ತಿರುವ ನಿದ್ದೆಯನ್ನು ಕೆಡಿಸುತ್ತದೆ. ನಿದ್ದೆ ಕೆಟ್ಟರೆ ಸೆಳೆತ ಜಾಸ್ತಿ. ಸಾಧ್ಯವಾದರೆ ಮೊದಲ ಕೆಲವು ತಿಂಗಳು ಹಗಲು ಶಿಫ್ಟ್ ಕೇಳಿ. ಕಾರಣ ಹೇಳಲು ಹಿಂಜರಿಕೆಯಿದ್ದರೆ ವೈದ್ಯರ ಚೀಟಿ ಸಾಕು, ಅದರಲ್ಲಿ ಕುಡಿತದ ಹೆಸರು ಬರೆಯಲೇಬೇಕಾಗಿಲ್ಲ.

ಸ್ವಂತ ಹೊಲ, ಹಸು ಇರುವವರಿಗೆ ಕೆಲಸ ಬಿಡುವ ಮಾತೇ ಇಲ್ಲ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ನನಗೆ ಅನ್ನಿಸುವಂತೆ ಅದು ಒಳ್ಳೆಯದೇ. ಹಸು ಕಾಯುವುದಿಲ್ಲ, ಎದ್ದೇಳಲೇಬೇಕು, ಹೊತ್ತಿಗೆ ಸರಿಯಾಗಿ ಒಂದು ಕೆಲಸ ಮುಗಿಯುತ್ತದೆ. ಪೂರ್ತಿ ಖಾಲಿ ಕೂರುವುದಕ್ಕಿಂತ ಇಂಥ ಸಣ್ಣ, ದಿನಾ ಇರುವ ಕೆಲಸ ಎಷ್ಟೋ ಮೇಲು. ಮನೆಯಲ್ಲಿ ಬರೀ ಮೊಬೈಲ್ ನೋಡುತ್ತ ಮಲಗಿದರೆ ಮಧ್ಯಾಹ್ನ ಮೂರಕ್ಕೇ ಸೆಳೆತ ಶುರುವಾಗುತ್ತದೆ.

ಸಾಲದ ಮಾತನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಮುಳುಗುವುದು ಅಲ್ಲೇ. ಕುಡಿಯುವಾಗ ಮರೆತಿದ್ದ ಸಾಲಗಳೆಲ್ಲ ಬಿಟ್ಟ ತಿಂಗಳಲ್ಲೇ ನೆನಪಾಗುತ್ತವೆ, ಕೇಳುವವರೂ ಆಗಲೇ ಬರುತ್ತಾರೆ, ಈಗ ಸರಿಯಾಗಿದ್ದಾನಲ್ಲ ಎಂದು. ಎಲ್ಲವನ್ನೂ ಒಂದೇ ಸಲ ತೀರಿಸಿ ಒಳ್ಳೆಯವನಾಗಬೇಕು ಎಂಬ ಹಟ ಬೇಡ. ಯಾರಿಗೆಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿ ಲೆಕ್ಕ ಗೊತ್ತಿರುವ ಒಬ್ಬರ ಕೈಗೆ ಆ ಹಾಳೆ ಕೊಡಿ. ಈ ತಿಂಗಳು ಒಂದೇ ಕಂತು, ಉಳಿದವರಿಗೆ ಯಾವಾಗ ಎಂಬ ಮಾತು. ಸಾಲ ಕೊಟ್ಟವರ ಜೊತೆ ಮಾತಾಡಲು ಮೊದಲೆರಡು ತಿಂಗಳು ಬೇರೆಯವರು ಹೋಗಲಿ. ಹೆಂಡತಿಯ ನಂಬಿಕೆಯೂ ಕಂತಿನಲ್ಲೇ ವಾಪಸ್ ಬರುವುದು. ಮೂರು ವಾರ ಕುಡಿಯದೆ ಇದ್ದೇನೆ, ಇನ್ನೂ ಅನುಮಾನ ಪಡುತ್ತಾಳೆ ಎಂದು ಕೊರಗುವ ತಮ್ಮಂದಿರಿಗೆ ನಾನು ಹೇಳುವುದು, ಅವಳ ಹೆದರಿಕೆ ಹತ್ತು ವರ್ಷದ್ದಪ್ಪ, ಅವಳಿಗೂ ಹೊತ್ತು ಕೊಡು.

ಮಾತ್ರೆ ತೆಗೆದುಕೊಳ್ಳುವುದೋ, ಬೇಡವೋ

ಮನಸ್ಸು ಗಟ್ಟಿ ಇದ್ದರೆ ಸಾಕು, ಮಾತ್ರೆ ಯಾಕೆ ಎನ್ನುವವರಿದ್ದಾರೆ. ಬಿಪಿಗೆ, ಶುಗರ್‌ಗೆ ಮಾತ್ರೆ ನುಂಗುವಾಗ ಹಾಗೆ ಅನ್ನುವುದಿಲ್ಲ, ಅಲ್ವಾ? ಸೆಳೆತ ಕಡಿಮೆ ಮಾಡುವ ಔಷಧಿಗಳಿವೆ. ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಮಜವನ್ನೇ ತಗ್ಗಿಸುತ್ತದೆ, ಅದಕ್ಕೆ ಮೊದಲು ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಅಕಾಂಪ್ರೋಸೇಟ್ ಬಿಟ್ಟವರ ಚಡಪಡಿಕೆಗೆ, ಆದರೆ ಕಿಡ್ನಿ ಸರಿಯಿರಬೇಕು. ಲಿವರ್ ಕೆಟ್ಟವರಿಗೆ ವೈದ್ಯರು ಬ್ಯಾಕ್ಲೋಫೆನ್ ಕಡೆಗೆ ನೋಡುವುದುಂಟು. ಆರಿಸುವುದು ವೈದ್ಯರ ಕೆಲಸ.

ಡೈಸಲ್ಫಿರಾಮ್ ಈ ಸಾಲಿಗೆ ಸೇರದ್ದು. ಅದು ಸೆಳೆತ ಇಳಿಸುವುದಿಲ್ಲ, ಭಯ ಹುಟ್ಟಿಸುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ, ಎದೆ ಬಡಿತ, ಬಿಪಿ ಕುಸಿತ. ಹೃದಯದ ಕಾಯಿಲೆ ಇದ್ದವರಿಗೆ ಪ್ರಾಣಾಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಪೂರ್ತಿ ತಿಳಿದು, ಒಪ್ಪಿ, ಮನೆಯವರ ಕೈಯಿಂದ ದಿನಾ ತೆಗೆದುಕೊಳ್ಳುವವರಿಗೆ ಇದು ಸಹಾಯ ಮಾಡುತ್ತದೆ. ಆದರೆ ಸಾರಿನಲ್ಲೋ ಕಾಫಿಯಲ್ಲೋ ಗೊತ್ತಾಗದಂತೆ ಬೆರೆಸಿ ಕೊಡುವುದನ್ನು ದಯವಿಟ್ಟು ಮಾಡಬೇಡಿ. 'ಕುಡಿತ ಬಿಡಿಸುವ ಪುಡಿ' ಎಂದು ಮಾರುವುದರಲ್ಲಿ ಏನಿದೆ ಎಂದು ನಿಮಗೆ ತಿಳಿಯುವುದಿಲ್ಲ. ಅಮ್ಮಂದಿರು, ಅಕ್ಕಂದಿರು ದಿಕ್ಕು ಕಾಣದೆ ಇದನ್ನು ಮಾಡುತ್ತಾರೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ. ಜೀವಕ್ಕೆ ಅಪಾಯ, ಗೊತ್ತಾದ ದಿನ ನಂಬಿಕೆಯೂ ಮುರಿಯುತ್ತದೆ.

ಸೆಂಟರ್‌ಗೆ ಸೇರಿಸುವ ಮೊದಲು

ಮನೆಯಲ್ಲಿದ್ದು ಒಪಿಡಿಗೆ ಹೋಗಿಬರುವುದು ಹೆಚ್ಚಿನವರಿಗೆ ಸಾಕಾಗುತ್ತದೆ. ಹಿಂದೆ ಫಿಟ್ಸ್ ಬಂದಿದ್ದರೆ, ಮನೆಯಲ್ಲೇ ಕುಡಿಯುವವರು ಇನ್ನೊಬ್ಬರಿದ್ದರೆ, ಹಲವು ಸಲ ಪ್ರಯತ್ನಿಸಿ ಸೋತಿದ್ದರೆ ಒಳರೋಗಿಯಾಗಿ ಸೇರುವುದು ಒಳ್ಳೆಯದು. ಖಾಸಗಿ ಸೆಂಟರ್ ಆದರೆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮನೆಯವರು ನೋಡಲು ಬರಬಹುದೇ, ಫೋನಿನಲ್ಲಿ ಮಾತಾಡಬಹುದೇ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಅದರ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹೊಡೆದು ಬಡಿದು ಬಿಡಿಸುತ್ತೇವೆ ಎನ್ನುವ ಕಡೆಗೆ, ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವ ಕಡೆಗೆ ಕಳಿಸಬೇಡಿ. ಅಲ್ಲಿಂದ ಬಂದವರು ಮನೆಯವರ ಮೇಲೆ ಹಗೆ ಹೊತ್ತು ಬರುತ್ತಾರೆ.

ಹೊಸತೊಡಕು, ಬೀಗರೂಟ, ತಿಥಿ

ಹೋಗುವುದೋ ಬೇಡವೋ? ಮೊದಲ ಆರು ತಿಂಗಳು ನನ್ನ ಉತ್ತರ ಸುಲಭ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ, ಬೀಗರೂಟಕ್ಕೆ ಬೇಡ. ಬಾಡೂಟ ಇದ್ದ ಕಡೆ ಬಾಟಲಿ ಇರುತ್ತದೆ, 'ಇವತ್ತೊಂದು ದಿನ' ಎಂದು ಎಳೆಯುವ ಮಾವನೋ ಭಾವನೋ ಇರುತ್ತಾನೆ. ಮುಹೂರ್ತಕ್ಕೆ ಹೋಗಿ ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು ಬನ್ನಿ, ಯಾರೂ ಬೇಜಾರಾಗುವುದಿಲ್ಲ. ಸಾವಿನ ಮನೆಗೆ ಹೋಗದೆ ಇರಲು ಆಗದು. ಅಲ್ಲಿಗೆ ಕುಡಿಯದ ಒಬ್ಬರು ಜೊತೆಗಿರಲಿ, ನಿಮ್ಮದೇ ಗಾಡಿಯಲ್ಲಿ ಹೋಗಿ, ಕತ್ತಲಾಗುವ ಮೊದಲು ಹೊರಡಿ. ಹೊಸತೊಡಕಿನ ಬಾಡೂಟ ಬೇಕೇ ಬೇಕು ಎಂದರೆ ನಿಮ್ಮ ಮನೆಯಲ್ಲೇ ಮಾಡಿ, ಕುಡಿಯದವರನ್ನಷ್ಟೇ ಕರೆಯಿರಿ.

ಮತ್ತೆ ಕುಡಿದುಬಿಟ್ಟರೆ: ಮುಚ್ಚಿಡುವುದೋ, ಹೇಳುವುದೋ

ಹೀಗೂ ಆಗುತ್ತದೆ, ಬಹಳ ಜನರಿಗೆ ಆಗುತ್ತದೆ. ಮುಚ್ಚಿಟ್ಟರೆ ಆ ರಾತ್ರಿ ಜಗಳ ತಪ್ಪುತ್ತದೆ. ಆದರೆ ಮಾರನೇ ದಿನ ಬಚ್ಚಿಟ್ಟ ಭಾರ ತಡೆಯಲು ಮತ್ತೆ ಕುಡಿಯಬೇಕಾಗುತ್ತದೆ. ಹೇಳಿದರೆ ಒಂದು ದಿನದ ಜಗಳ, ಆಮೇಲೆ ಮತ್ತೆ ಶುರು ಮಾಡಲು ದಾರಿ ತೆರೆದಿರುತ್ತದೆ. ಸೆಳೆತ ಬಂದಾಗ ಫೋನ್ ಮಾಡಲು ಒಪ್ಪಿಸಿಟ್ಟುಕೊಂಡ ಇಬ್ಬರಲ್ಲಿ ಒಬ್ಬರಿಗೆ ಅವತ್ತೇ ಫೋನ್ ಮಾಡಿ. ಮನೆಯವರಿಗೆ ಒಂದು ಮಾತು, ಕುಡಿದವರು ಅಮಲಿನಲ್ಲಿರುವಾಗ ವಿಚಾರಣೆ ಮಾಡಬೇಡಿ, ಬೆಳಗಾಗಲಿ. ಎಲ್ಲಿ, ಯಾರ ಜೊತೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೇಳಿ ತಿಳಿದುಕೊಳ್ಳಿ. ಮುಂದಿನ ಸಲ ಕಾಯಬೇಕಾದ ಜಾಗ ಯಾವುದು ಎಂದು ಅದರಿಂದ ಗೊತ್ತಾಗುತ್ತದೆ.

ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರು ಕುಡಿದಿದ್ದರೆ ಬೆಳಗಿನ ತನಕ ಕಾಯಬೇಡಿ, ಕೂಡಲೇ ಆಸ್ಪತ್ರೆ. ಕುಡಿತ ಮತ್ತೆ ಹಲವು ದಿನ ನಡೆದುಬಿಟ್ಟಿದ್ದರೆ ಈ ಸಲವೂ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಹಿಂದಿನ ಸಲ ಸುಲಭವಾಗಿ ದಾಟಿದವರಿಗೂ ಈ ಸಲ ಫಿಟ್ಸ್ ಬರಬಹುದು. ಹಳೆಯ ಚೀಟಿ, ಮಾತ್ರೆಗಳ ಹಾಳೆ ಹಿಡಿದುಕೊಂಡು ಅದೇ ಒಪಿಡಿಗೆ ಹೋಗಿ. ಬೈಯುತ್ತಾರೆ ಎಂಬ ಭಯಕ್ಕೆ ಹೋಗದೆ ಇರಬೇಡಿ. ಮತ್ತೆ ಕುಡಿದು ಬಂದವರನ್ನು ನೋಡಿಕೊಳ್ಳುವುದು ಅಲ್ಲಿ ದಿನನಿತ್ಯದ ಕೆಲಸ.